ನೆಟ್ಟಗಿನ ತೂತಿಗೆ ಯಾವ ಆಧಾರ? ಕಂಬದ ಡ್ರಿಲ್ ಗೈಡ್, ಬುಷ್ ಬ್ಲಾಕ್ ಮತ್ತು ಮರದ ತುಂಡಿನ ಹೋಲಿಕೆ

ಕೈಯಲ್ಲಿ ಹಿಡಿದ ಡ್ರಿಲ್ ಮಷಿನ್‌ನಿಂದ ಹಾಕಿದ ತೂತು ಹಲಗೆಯ ಮೇಲ್ಮೈಯಲ್ಲಿ ಗುರುತಿನ ಮೇಲೆಯೇ ಇದ್ದರೂ ಒಳಕ್ಕೆ ಇಳಿಯುತ್ತ ಒಂದು ಕಡೆಗೆ ವಾಲಿರುವುದು ಸಾಮಾನ್ಯ. ವಾಲಿಕೆ ಒಂದು ಡಿಗ್ರಿಯಷ್ಟಿದ್ದರೆ 18 ಮಿ.ಮೀ. ಪ್ಲೈವುಡ್‌ನ ಹಿಂಬದಿ ತಲಪುವಾಗ ತೂತು ಸುಮಾರು 0.3 ಮಿ.ಮೀ. ಸರಿದಿರುತ್ತದೆ, ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ವಾಲಿಕೆ ಮೂರು ಡಿಗ್ರಿಯಾಗಿ, ಆಳ 40 ಮಿ.ಮೀ. ಆದಾಗ ತಳದಲ್ಲಿ 2 ಮಿ.ಮೀ.ಗಿಂತ ಹೆಚ್ಚಿನ ವ್ಯತ್ಯಾಸ ಬೀಳುತ್ತದೆ. ಸ್ಕ್ರೂ ಆದರೆ ಈ ಓರೆಯಲ್ಲೂ ಹೇಗೋ ಹಿಡಿದುಕೊಳ್ಳುತ್ತದೆ. ಆದರೆ 8 ಮಿ.ಮೀ. ಮರದ ಡವೆಲ್‌ಗಳಿಂದ (ತೂತಿನೊಳಗೆ ಕೂರುವ ದುಂಡು ಗೂಟಗಳಿಂದ) ಎರಡು ಹಲಗೆಗಳನ್ನು ಸೇರಿಸುವಾಗ ಒಂದು ತೂತು ಎಡಕ್ಕೂ ಇನ್ನೊಂದು ಬಲಕ್ಕೂ ವಾಲಿದ್ದರೆ ಹಲಗೆಗಳು ಕೂಡುವುದೇ ಇಲ್ಲ, ಸುತ್ತಿಗೆಯಿಂದ ಬಡಿದು ಕೂಡಿಸಲು ಹೋದರೆ ಅಂಚು ಸೀಳಿಹೋಗುತ್ತದೆ.

ಪಿಲ್ಲರ್ ಡ್ರಿಲ್ಲಿಂಗ್ ಮಷಿನ್ ಇದ್ದವರಿಗೆ ಈ ಸಮಸ್ಯೆ ಇಲ್ಲ. ಅಂಥ ಯಂತ್ರವನ್ನು ಇಡಲು ಜಾಗವಿಲ್ಲದ ಮನೆಗಳಲ್ಲಿ ನಮ್ಮ ಕೈಗೆ ಸಿಗುವ ಸಾಧನಗಳು ಮುಖ್ಯವಾಗಿ ಮೂರು. ಮೊದಲನೆಯದು, ತಳಪಟ್ಟಿಯ ಮೇಲೆ ಎರಡು ಉಕ್ಕಿನ ಕಂಬಗಳು ನಿಂತು, ಅವುಗಳ ಮೇಲೆ ಜಾರುವ ಅಡ್ಡಪಟ್ಟಿಯಲ್ಲಿ ತಿರುಗುವ ದಂಡವೂ ಅದರ ಕೆಳತುದಿಯಲ್ಲಿ ಕೊರೆಯುವ ಬಿಟ್ಟನ್ನು ಹಿಡಿಯುವ ಒಂದು ಚಕ್ಕೂ ಇರುವ, ಕೈಯಲ್ಲಿ ಒಯ್ಯಬಹುದಾದ ಡ್ರಿಲ್ ಗೈಡ್. ಎರಡನೆಯದು, ಬಿಟ್ ಹಾದುಹೋಗುವ ಬೇರೆ ಬೇರೆ ಅಳತೆಯ ಬುಷ್‌ಗಳನ್ನು (ಲೋಹದ ಕೊಳವೆಗಳನ್ನು) ಕೂರಿಸಿರುವ, ಮುಷ್ಟಿಯಲ್ಲಿ ಹಿಡಿಯುವಷ್ಟೇ ಗಾತ್ರದ ಲೋಹದ ಬ್ಲಾಕ್. ಮೂರನೆಯದು, ಗಟ್ಟಿ ಮರದ ತುಂಡಿಗೆ ಒಮ್ಮೆ ನೆಟ್ಟಗೆ ತೂತು ಹಾಕಿಸಿಕೊಂಡು ನಾವೇ ಮಾಡಿಕೊಳ್ಳುವ ಗೈಡ್. ಈ ಮೂರನ್ನೂ ನಾನು ಒಂದೇ ಬಗೆಯ ಕೆಲಸಗಳಲ್ಲಿ ಬಳಸಿ ನೋಡಿದ್ದೇನೆ: ಪುಸ್ತಕದ ಕಪಾಟಿನ ಡವೆಲ್ ಜೋಡಣೆ, ಅಡುಗೆಮನೆಯ ಕಪಾಟಿನ ಬಾಗಿಲುಗಳಿಗೆ ತಾನಾಗಿ ಮುಚ್ಚಿಕೊಳ್ಳುವ ಆಟೋ ಕ್ಲೋಸ್ ಹಿಂಜ್, ರಬ್ಬರ್ ಮರದ ಸ್ಟೂಲಿಗೆ ಓರೆ ಕಾಲು, ಪರದೆಯ ಪೈಪಿಗೆ ಅಡ್ಡ ತೂತು. ಪ್ರತಿ ತೂತಿನಲ್ಲೂ ಅದೇ ಅಳತೆಯ ನೇರವಾದ ಉಕ್ಕಿನ ಸಲಾಕೆಯನ್ನು ನಿಲ್ಲಿಸಿ, ಒಂದಕ್ಕೊಂದು ಲಂಬವಾದ ಎರಡು ದಿಕ್ಕುಗಳಿಂದ ಮೂಲೆಮಟ್ಟ (90 ಡಿಗ್ರಿ ನೋಡುವ ಸಾಧನ) ಇಟ್ಟು, ಬೆಳಕಿಗೆ ಎದುರಾಗಿ ಸಂದು ಕಾಣುತ್ತದೆಯೇ ಎಂದು ನೋಡಿದೆ. ಒಂದೇ ದಿಕ್ಕಿನಿಂದ ನೋಡಿದರೆ ಅರ್ಧ ಸತ್ಯವಷ್ಟೇ ಸಿಗುತ್ತದೆ, ಏಕೆಂದರೆ ಡ್ರಿಲ್ ಹಿಡಿದವರ ಕೈ ಮುಂದಕ್ಕೂ ಹಿಂದಕ್ಕೂ ವಾಲುವುದನ್ನು ಪಕ್ಕದಿಂದ ನೋಡಿದಾಗ ಮಾತ್ರ ಗುರುತಿಸಬಹುದು.

ಈ ಸಾಧನಗಳ ಗುಣಾವಗುಣಗಳೆಲ್ಲ ಕೊನೆಗೆ ಬಂದು ನಿಲ್ಲುವುದು ಒಂದೇ ಪ್ರಶ್ನೆಗೆ: ಬಿಟ್‌ಗೆ ಆಧಾರ ಸಿಗುತ್ತಿರುವುದು ಎಲ್ಲಿ? ಕಂಬದ ಗೈಡ್ ಬಿಟ್‌ನ ಮೇಲ್ತುದಿಯನ್ನು, ಅಂದರೆ ಚಕ್ಕಿನ ಬಳಿ, ಹಿಡಿಯುತ್ತದೆ. ಬುಷ್ ಬ್ಲಾಕೂ ಮರದ ತುಂಡೂ ಬಿಟ್‌ನ ಕೆಳತುದಿಯನ್ನು, ಮರವನ್ನು ಕಚ್ಚುವ ಜಾಗಕ್ಕೆ ತಾಗಿದಂತೆ, ಹಿಡಿಯುತ್ತವೆ. 3 ಅಥವಾ 4 ಮಿ.ಮೀ.ನ ಸಣ್ಣ ಬಿಟ್ ತನ್ನಷ್ಟಕ್ಕೆ ಬಾಗುವಂಥದ್ದು. ಗಟ್ಟಿ ಎಳೆಯೊಂದು ಅಡ್ಡ ಬಂದರೆ ಅದು ಮೆತ್ತಗಿನ ಕಡೆಗೆ ಜಾರುತ್ತದೆ, ಮೇಲೆ ಚಕ್ ಎಷ್ಟೇ ನೆಟ್ಟಗಿದ್ದರೂ ಕೆಳಗಿನ ಈ ಜಾರುವಿಕೆಯನ್ನು ಅದು ತಡೆಯಲಾರದು. ಹೊನ್ನೆಯ ಹಲಗೆಯಲ್ಲಿ 3 ಮಿ.ಮೀ. ಬಿಟ್‌ನಿಂದ ಎರಡೂ ಸಾಧನಗಳನ್ನು ಹೋಲಿಸಿದಾಗ ಬುಷ್ ಬ್ಲಾಕಿನ ತೂತುಗಳು ಸ್ಪಷ್ಟವಾಗಿ ನೆಟ್ಟಗಿದ್ದವು. 10 ಮಿ.ಮೀ.ಗೆ ಬಂದಾಗ ಬಿಟ್ ತಾನೇ ಗಟ್ಟಿಯಾಗಿರುವುದರಿಂದ ಎರಡರ ನಡುವೆ ಮೂಲೆಮಟ್ಟ ತೋರಿಸುವಂಥ ಅಂತರ ಉಳಿಯಲಿಲ್ಲ.

ಕಂಬದ ಗೈಡ್ ಕೊಳ್ಳುವವರು ಅಂಗಡಿಯಲ್ಲೇ ಎರಡು ಸಂಗತಿಗಳನ್ನು ಪರೀಕ್ಷಿಸಬೇಕು. ಕಂಬಗಳು ತಳಪಟ್ಟಿಗೆ ಲಂಬವಾಗಿವೆಯೇ ಎಂದು ಮೂಲೆಮಟ್ಟವಿಟ್ಟು ನೋಡುವುದು ಒಂದು. ಚಕ್ಕಿಗೆ ನೇರವಾದ ಸಲಾಕೆಯೊಂದನ್ನು ಸಿಕ್ಕಿಸಿ ಕೈಯಿಂದ ನಿಧಾನವಾಗಿ ತಿರುಗಿಸಿ, ಅದರ ತುದಿ ಒಂದೇ ಬಿಂದುವಿನಲ್ಲಿ ನಿಲ್ಲುತ್ತದೆಯೇ ಅಥವಾ ಸಣ್ಣ ವೃತ್ತ ಬರೆಯುತ್ತದೆಯೇ ಎಂದು ನೋಡುವುದು ಇನ್ನೊಂದು. ವೃತ್ತ ಬರೆದರೆ ತೂತು ಬಿಟ್‌ಗಿಂತ ದೊಡ್ಡದಾಗುತ್ತದೆ ಮತ್ತು ಡವೆಲ್ ಸಡಿಲವಾಗುತ್ತದೆ. ಈ ದೋಷವನ್ನು ಮನೆಯಲ್ಲಿ ಸರಿಪಡಿಸಲು ಆಗದು. ಮೊದಲನೆಯ ದೋಷವನ್ನಾದರೂ ಕಂಬದ ಬುಡದ ಸ್ಕ್ರೂ ಸಡಿಲಿಸಿ, ತೆಳು ಕಾಗದದ ತುಂಡು ಕೊಟ್ಟು ಬಿಗಿಗೊಳಿಸಿ ಬಹುಮಟ್ಟಿಗೆ ಸರಿಮಾಡಿಕೊಳ್ಳಬಹುದು.

ಈ ಗೈಡ್‌ನ ನಡತೆಯಲ್ಲಿ ನನಗೆ ಬಹಳ ಮುಖ್ಯವೆಂದು ತೋರಿದ್ದು, ಅಡ್ಡಪಟ್ಟಿ ಕಂಬದ ಮೇಲ್ತುದಿಯಲ್ಲಿರುವಾಗ ಅದು ಎಲ್ಲಕ್ಕಿಂತ ಹೆಚ್ಚು ಅಲುಗುತ್ತದೆ ಎಂಬುದು. ತೂತು ಶುರುವಾಗುವ ಹೊತ್ತಿನಲ್ಲಿ ಅಡ್ಡಪಟ್ಟಿ ಮೇಲೆಯೇ ಇರುತ್ತದೆ, ಮತ್ತು ತೂತಿನ ದಿಕ್ಕು ನಿರ್ಧಾರವಾಗುವುದೂ ಅದೇ ಹೊತ್ತಿನಲ್ಲಿ. ಡ್ರಿಲ್ ಮಷಿನ್‌ನ ಭಾರವೆಲ್ಲ ಮೇಲಿರುವುದರಿಂದಲೂ ಹಿಡಿಕೆ ಒಂದು ಪಕ್ಕಕ್ಕೆ ಚಾಚಿರುವುದರಿಂದಲೂ ಕೈಯ ಒತ್ತಡ ಓರೆಯಾಗಿ ಬೀಳುತ್ತದೆ. ಆದ್ದರಿಂದ ಮಷಿನ್ ಚಾಲೂ ಮಾಡುವ ಮುನ್ನ ಅಡ್ಡಪಟ್ಟಿಯನ್ನು ಇಳಿಸಿ ಬಿಟ್‌ನ ಮೊನೆಯನ್ನು ಗುರುತಿನ ಮೇಲೆ ಊರಿ, ತಳಪಟ್ಟಿಯನ್ನು ಸಿ ಕ್ಲ್ಯಾಂಪ್‌ನಿಂದ ಬಿಗಿದು, ಒಂದು ಕೈಯನ್ನು ಡ್ರಿಲ್‌ನ ಹಿಂಬದಿಯ ಮೇಲೆ, ದಂಡದ ನೇರಕ್ಕೆ, ಇಟ್ಟು ಒತ್ತಬೇಕು. ಹಗುರವಾದ ಬ್ಯಾಟರಿ ಡ್ರಿಲ್ ಈ ಗೈಡ್‌ಗೆ ಭಾರದ ಇಂಪ್ಯಾಕ್ಟ್ ಡ್ರಿಲ್‌ಗಿಂತ ಚೆನ್ನಾಗಿ ಹೊಂದುತ್ತದೆ. ಇಂಪ್ಯಾಕ್ಟ್ ಡ್ರಿಲ್ಲನ್ನೇ ಬಳಸುವುದಾದರೆ ಹ್ಯಾಮರ್ ಸ್ವಿಚ್ ಆಫ್ ಆಗಿರಲೇಬೇಕು; ಹೊಡೆತವೆಲ್ಲ ಗೈಡ್‌ನ ಬೇರಿಂಗ್ ಮೇಲೆ ಬಿದ್ದರೆ ಅದು ಬೇಗ ಸಡಿಲವಾಗುತ್ತದೆ. ಗೋಡೆಗೆ ಕಾಂಕ್ರೀಟ್ ಬಿಟ್‌ನಿಂದ ತೂತು ಹಾಕುವ ಕೆಲಸವನ್ನು ಈ ಗೈಡ್‌ನಿಂದ ನಿರೀಕ್ಷಿಸಬಾರದು.

ಹಾಗಿದ್ದರೆ ಅದು ಗೆಲ್ಲುವುದೆಲ್ಲಿ? ಆಟೋ ಕ್ಲೋಸ್ ಹಿಂಜ್‌ನ ಬಟ್ಟಲಿಗೆ 35 ಮಿ.ಮೀ. ಅಗಲದ, ಸುಮಾರು 12 ಮಿ.ಮೀ. ಆಳದ, ತಳ ಸಪಾಟಾದ ಕುಳಿ ಬೇಕು. ಬಾಗಿಲಿನ ಪ್ಲೈವುಡ್ 18 ಮಿ.ಮೀ. ಇದ್ದರೆ ಹಿಂದೆ ಉಳಿಯುವುದು 6 ಮಿ.ಮೀ. ಮಾತ್ರ, ಅದರಲ್ಲೂ ಇಂಥ ಕುಳಿ ತೆಗೆಯುವ ಫಾರ್ಸ್ಟ್ನರ್ ಬಿಟ್‌ನ ನಡುಮೊನೆ ಕುಳಿಯ ತಳಕ್ಕಿಂತ ಇನ್ನಷ್ಟು ಕೆಳಗೆ ಇಳಿಯುತ್ತದೆ. ಕೈಯಳತೆಯಲ್ಲಿ ಸ್ವಲ್ಪ ಓರೆಯಾದರೂ ಬಟ್ಟಲಿನ ಒಂದು ಅಂಚು ಮೇಲೆದ್ದು ಬಾಗಿಲು ಚೌಕಟ್ಟಿಗೆ ಸಮನಾಗಿ ಕೂರುವುದಿಲ್ಲ, ಸ್ವಲ್ಪ ಆಳವಾದರೆ ಹೊರಗಿನ ಸನ್‌ಮೈಕಾದಲ್ಲಿ ಉಬ್ಬು ಕಾಣುತ್ತದೆ. ಬುಷ್ ಬ್ಲಾಕ್ ಇಲ್ಲಿ ಸಂಪೂರ್ಣ ನಿರುಪಯೋಗಿ, ಏಕೆಂದರೆ ಅಷ್ಟು ಅಗಲದ ಬಿಟ್ ಯಾವ ಬುಷ್‌ನಲ್ಲೂ ಹೋಗದು. ಕಂಬದ ಗೈಡ್‌ನಲ್ಲಿ ಆಳವನ್ನು ತಡೆಯುವ ಕಾಲರ್ ಕಂಬಕ್ಕೇ ಬಿಗಿಯಾಗುತ್ತದೆ. ಚೂರು ಪ್ಲೈವುಡ್ ಮೇಲೆ ಒಮ್ಮೆ ಹೊಂದಿಸಿಕೊಂಡರೆ ಎಲ್ಲ ಬಾಗಿಲುಗಳ ಕುಳಿಗಳೂ ಒಂದೇ ಆಳಕ್ಕೆ ಬರುತ್ತವೆ. ಹಿಂಜ್‌ನ ಕೆಲಸವೊಂದಕ್ಕಾಗಿಯೇ ಈ ಗೈಡನ್ನು ಕೊಂಡರೂ ಹಣ ವ್ಯರ್ಥವಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಇಷ್ಟು ದೊಡ್ಡ ಬಿಟ್ ಗೈಡನ್ನೇ ತಿರುಗಿಸಲು ನೋಡುತ್ತದೆ, ಆದ್ದರಿಂದ ವೇಗ ಕಡಿಮೆ ಇರಬೇಕು, ಕ್ಲ್ಯಾಂಪ್ ಎರಡು ಕಡೆ ಇರಬೇಕು, ಮತ್ತು ತಳಪಟ್ಟಿಯ ಕಿಂಡಿಯಲ್ಲಿ ಒಟ್ಟುಗೂಡುವ ಹೊಟ್ಟನ್ನು ಆಗಾಗ ಊದಿ ತೆಗೆಯಬೇಕು. ತಳಪಟ್ಟಿಯ ಅಡಿಗೆ ಸೇರಿದ ಒಂದು ಚೂರು ಹೊಟ್ಟು ಸಾಕು, ಮುಂದಿನ ಕುಳಿ ಓರೆಯಾಗಲು.

ಬುಷ್ ಬ್ಲಾಕ್ ನೋಡಲು ಬಹಳ ಸರಳ. ಅದರಲ್ಲಿ ಅಲುಗುವ ಭಾಗವೇ ಇಲ್ಲ. ಆದರೆ ಅದರ ದಪ್ಪ ಬಿಟ್‌ನ ಉದ್ದವನ್ನು ತಿಂದುಹಾಕುತ್ತದೆ ಎಂಬುದನ್ನು ಕೊಳ್ಳುವ ಮೊದಲೇ ಲೆಕ್ಕ ಹಾಕಬೇಕು. ಸಾಮಾನ್ಯ ಅಳತೆಯ 3 ಮಿ.ಮೀ. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬಿಟ್‌ನ ಒಟ್ಟು ಉದ್ದ 61 ಮಿ.ಮೀ., ಅದರಲ್ಲಿ ಸುರುಳಿ ಇರುವ ಭಾಗ 33 ಮಿ.ಮೀ. ಬ್ಲಾಕ್ 25 ಮಿ.ಮೀ. ದಪ್ಪವಿದ್ದರೆ ತೂತು ಬರೀ 8 ಮಿ.ಮೀ. ಆಳಕ್ಕೆ ಇಳಿದಾಗಲೇ ಸುರುಳಿಯೆಲ್ಲ ಬುಷ್‌ನೊಳಗೆ ಮುಳುಗುತ್ತದೆ. ಅಲ್ಲಿಂದ ಮುಂದೆ ಹೊಟ್ಟು ಹೊರಬರಲು ದಾರಿಯಿಲ್ಲ, ಬಿಟ್ ಬಿಸಿಯಾಗಿ ಮರ ಸುಟ್ಟ ವಾಸನೆ ಬರುತ್ತದೆ. ಇದಕ್ಕೆ ಪರಿಹಾರವೆಂದರೆ ಮೊದಲ ಕೆಲವು ಮಿ.ಮೀ.ಗಳನ್ನು ಬ್ಲಾಕಿನ ಮೂಲಕ ಹಾಕಿ, ದಿಕ್ಕು ಸ್ಥಿರವಾದ ಮೇಲೆ ಬ್ಲಾಕ್ ತೆಗೆದು ಉಳಿದುದನ್ನು ಕೈಯಲ್ಲೇ ಮುಗಿಸುವುದು. ಹಾಕಿದ ತೂತೇ ಆಗ ಗೈಡ್‌ನಂತೆ ವರ್ತಿಸುತ್ತದೆ. 8 ಮಿ.ಮೀ. ಬಿಟ್‌ನ ಉದ್ದ 117, ಸುರುಳಿ 75 ಮಿ.ಮೀ. ಇರುವುದರಿಂದ ಡವೆಲ್ ಕೆಲಸಕ್ಕೆ ಈ ತೊಂದರೆ ಬಾರದು.

ಬುಷ್ ಯಾವುದರದ್ದು ಎಂಬುದೂ ಮುಖ್ಯ. ಬರೀ ಅಲ್ಯೂಮಿನಿಯಂ ತುಂಡಿಗೆ ತೂತು ಕೊರೆದು ಬುಷ್ ಇಲ್ಲದೆ ಮಾರುವ ಬ್ಲಾಕ್‌ಗಳೂ ಸಿಗುತ್ತವೆ. ಬಿಟ್‌ನ ಅಂಚು ಅದನ್ನು ಪ್ರತಿ ಬಾರಿ ಸ್ವಲ್ಪ ಸ್ವಲ್ಪವೇ ಕೆರೆಯುತ್ತ ಬಂದು ತೂತು ಸಡಿಲವಾಗುತ್ತದೆ. ಹದಗೊಳಿಸಿದ ಉಕ್ಕಿನ ಬುಷ್ ಇರುವುದನ್ನೇ ಕೇಳಿ ತೆಗೆದುಕೊಳ್ಳಬೇಕು. ಇನ್ನೊಂದು ತೊಡಕು ಅಳತೆಯದ್ದು. ಹಾರ್ಡ್‌ವೇರ್ ಅಂಗಡಿಗಳಲ್ಲಿ ಇಂದಿಗೂ ಇಂಚಿನ ಲೆಕ್ಕದ ಬಿಟ್‌ಗಳು ಮಾರಾಟವಾಗುತ್ತವೆ, ಒಂದು ಸೂತಿನ, ಅಂದರೆ 1/8 ಇಂಚಿನ, ಬಿಟ್ 3.175 ಮಿ.ಮೀ. ಆಗುವುದರಿಂದ ಅದು 3 ಮಿ.ಮೀ. ಬುಷ್‌ಗೆ ಇಳಿಯದು, 3.5ರಲ್ಲಿ ಇಳಿದರೂ ಅಲುಗುತ್ತದೆ. ಬ್ಲಾಕ್ ಕೊಳ್ಳುವ ದಿನವೇ ಅದಕ್ಕೆ ಹೊಂದುವ ಮಿಲಿಮೀಟರ್ ಬಿಟ್‌ಗಳನ್ನೂ ಕೊಳ್ಳುವುದು ಒಳ್ಳೆಯದು.

ದುಂಡಗಿನ ಪೈಪಿನ ವಿಷಯದಲ್ಲಿ ಬುಷ್ ಬ್ಲಾಕಿಗೆ ಸರಿಸಾಟಿ ಇಲ್ಲ. ಅದರ ಅಡಿಯಲ್ಲಿರುವ ವಿ ಆಕಾರದ ತೋಡು ಪೈಪಿನ ಮೇಲೆ ತಾನಾಗಿಯೇ ನಡುವಿಗೆ ಕೂರುತ್ತದೆ, ಬಿಟ್ ಜಾರುವ ಪ್ರಶ್ನೆಯೇ ಏಳುವುದಿಲ್ಲ. ಕಂಬದ ಗೈಡ್‌ನ ತಳಪಟ್ಟಿಯಲ್ಲೂ ಇಂಥ ತೋಡು ಇರುತ್ತದೆಯಾದರೂ ಮೇಲಿನ ಭಾರದಿಂದ ಇಡೀ ಗೈಡ್ ಪೈಪಿನ ಸುತ್ತ ಹೊರಳಲು ನೋಡುತ್ತಿತ್ತು. ಹಲಗೆಯ ಮೇಲೆ ಬ್ಲಾಕ್ ಸರಿಯದಂತೆ ಅದರ ಅಡಿಗೆ ಸಣ್ಣ ಕಾಳಿನ ಉಪ್ಪುಕಾಗದ ಅಂಟಿಸಿಕೊಂಡರೆ ಹಿಡಿತ ಚೆನ್ನಾಗಿರುತ್ತದೆ.

ಮರದ ತುಂಡಿನ ಗೈಡ್‌ಗೆ ಖರ್ಚೇ ಇಲ್ಲ. ಹೊನ್ನೆ ಅಥವಾ ಮತ್ತಿಯ ಚೂರೊಂದನ್ನು ಆರೂ ಮುಖ ಸಮನಾಗಿ ತೋಪಡಾ ಹಿಡಿದು, ಹತ್ತಿರದ ಫ್ಯಾಬ್ರಿಕೇಷನ್ ಶಾಪಿನ ಪಿಲ್ಲರ್ ಡ್ರಿಲ್‌ನಲ್ಲಿ ಒಂದು ತೂತು ಹಾಕಿಸಿಕೊಂಡು ಬಂದರೆ ಮುಗಿಯಿತು. ಹೊಸದಿದ್ದಾಗ ಇದು ಬುಷ್ ಬ್ಲಾಕಿನಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ. ಕಪಾಟಿನ ಅಂಚಿಗೆ ಸರಿಯಾಗಿ ಹೊಂದುವಂತೆ ಅದಕ್ಕೊಂದು ತುಟಿ ಅಂಟಿಸಿದರೆ, ಅಂಚಿನಿಂದ ಇಷ್ಟೇ ದೂರ ಎಂಬ ಜಾಗದ ಲೆಕ್ಕವನ್ನೂ ಅದು ನೋಡಿಕೊಳ್ಳುತ್ತದೆ. ಮಾರುಕಟ್ಟೆಯ ಕಂಬದ ಗೈಡ್‌ಗಳು ಕೋನವನ್ನು ಮಾತ್ರ ಕಾಪಾಡುತ್ತವೆ, ಜಾಗವನ್ನು ನಾವೇ ಗುರುತಿಸಿ ಪಂಚ್ ಹೊಡೆದು ಕೊಡಬೇಕು. ತೂತುಗಳು ಒಂದೇ ಅಂತರದಲ್ಲಿ ಹತ್ತಾರು ಕಡೆ ಬೇಕಾದಾಗ ಮರದ ಗೈಡ್‌ನ ಈ ಗುಣ ಬಹಳ ಸಮಯ ಉಳಿಸುತ್ತದೆ. ಅದರ ದೌರ್ಬಲ್ಯ ಆಯುಸ್ಸು: ಬಿಟ್ ಒಳಗೋಡೆಯನ್ನು ಕೆರೆಯುತ್ತದೆ, ಮಳೆಗಾಲದಲ್ಲಿ ಮರ ಎಳೆಯ ಅಡ್ಡಕ್ಕೆ ಹೆಚ್ಚು ಉಬ್ಬುವುದರಿಂದ ದುಂಡಗಿನ ತೂತು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಒಂದು ಕಪಾಟಿಗೆ ಒಂದು ಗೈಡ್ ಎಂದು ಭಾವಿಸಿ, ಮುಂದಿನ ಕೆಲಸಕ್ಕೆ ಹೊಸ ತುಂಡು ಮಾಡಿಕೊಳ್ಳುವುದೇ ಸರಿ.

ಯಾವ ಗೈಡೂ ಇಲ್ಲದೆ ಹೊಳೆಯುವ ಮೇಲ್ಮೈಯ ಮೇಲೆ ಕೆಲಸ ಮಾಡುವಾಗ ನೆರವಾಗುವ ಉಪಾಯವೊಂದಿದೆ. ಬಿಟ್‌ನ ಪ್ರತಿಬಿಂಬ ಸನ್‌ಮೈಕಾದಲ್ಲಿ ಕಾಣುತ್ತದೆ. ಬಿಟ್ಟೂ ಬಿಂಬವೂ ಎರಡು ದಿಕ್ಕಿನಿಂದಲೂ ಒಂದೇ ಗೆರೆಯಾಗಿ ಕಂಡರೆ ಬಿಟ್ ನೆಟ್ಟಗಿದೆ ಎಂದರ್ಥ. ಬರೀ ಮರದ ಮೇಲಾದರೆ ಹಳೆಯ ಸಿ.ಡಿ.ಯನ್ನು ಅದರ ನಡುವಿನ ತೂತಿನೊಳಗೆ ಗುರುತು ಬರುವಂತೆ ಇಟ್ಟುಕೊಳ್ಳಬಹುದು. ಸ್ಕ್ರೂ ತೂತುಗಳಿಗೆ ಇಷ್ಟು ಸಾಕು.

ಪ್ಲೈವುಡ್‌ನ 18 ಮಿ.ಮೀ. ಅಂಚಿಗೆ ತೂತು ಹಾಕುವುದು ಎಲ್ಲ ಸಾಧನಗಳಿಗೂ ಕಷ್ಟದ ಕೆಲಸ, ಏಕೆಂದರೆ ಕೂರಲು ಜಾಗವೇ ಇಲ್ಲ. ಹಲಗೆಯ ಎರಡೂ ಪಕ್ಕಕ್ಕೆ ರೀಪರ್ ಪಟ್ಟಿಗಳನ್ನು ಅಂಚಿಗೆ ಸಮನಾಗಿ ಬಿಗಿದು ಜಾಗ ಅಗಲ ಮಾಡಿಕೊಂಡ ಮೇಲೆ ಕಂಬದ ಗೈಡ್ ನಿಂತಿತಾದರೂ ಪ್ರತಿ ಹಲಗೆಗೂ ಹೀಗೆ ಮಾಡುವುದು ನಿಧಾನ. ಬರೀ ಡವೆಲ್ ಕೆಲಸವೇ ಹೆಚ್ಚು ಇರುವವರು ಹಲಗೆಯನ್ನು ಎರಡು ಬದಿಯಿಂದ ತಬ್ಬಿ ತಾನೇ ನಡುವನ್ನು ಹುಡುಕಿಕೊಳ್ಳುವ ಡವೆಲ್ ಜಿಗ್ ಕೊಳ್ಳುವುದು ಲೇಸು. ಅದೂ ಬುಷ್ ಬ್ಲಾಕಿನ ಕುಲಕ್ಕೇ ಸೇರಿದ್ದು.

ಸ್ಟೂಲಿನ ಓರೆ ಕಾಲುಗಳ ವಿಷಯದಲ್ಲಿ ಕಂಬದ ಗೈಡ್‌ನ ವಾಲಿಸಬಹುದಾದ ತಳಪಟ್ಟಿ ಆಕರ್ಷಕವಾಗಿ ಕಾಣುತ್ತದೆ, ಅನೇಕ ಮಾದರಿಗಳು 45 ಡಿಗ್ರಿಯವರೆಗೆ ವಾಲುತ್ತವೆ. ಆದರೆ ಅದರ ಮೇಲೆ ಕೊರೆದ ಡಿಗ್ರಿ ಗುರುತುಗಳನ್ನು ನಂಬದೆ ಕೋನಮಾಪಕದಿಂದಲೇ ಹೊಂದಿಸಬೇಕು, ಮತ್ತು ಒತ್ತಡ ಬಿದ್ದಾಗ ವಾಲಿಸುವ ಸ್ಕ್ರೂ ಜಾರುತ್ತಿಲ್ಲವೆಂದು ಪ್ರತಿ ತೂತಿನ ನಂತರ ನೋಡಬೇಕು. ನಾಲ್ಕು ಕಾಲಿಗೂ ಒಂದೇ ಓರೆ ಬೇಕಾದ್ದರಿಂದ ಬೇಕಾದ ಕೋನಕ್ಕೆ ಅಡಿಯನ್ನು ಕತ್ತರಿಸಿದ ಮರದ ತುಂಡೇ ಇಲ್ಲಿ ನನಗೆ ಹೆಚ್ಚು ನಂಬಿಕೆಯದ್ದೆನಿಸಿತು: ಒಮ್ಮೆ ಕತ್ತರಿಸಿದ ಕೋನ ಸಡಿಲವಾಗಲು ಅದರಲ್ಲಿ ಸ್ಕ್ರೂವೇ ಇಲ್ಲ.

ಒಂದನ್ನು ಮಾತ್ರ ಕೊಳ್ಳಬಲ್ಲವರು ಮುಂದಿನ ವರ್ಷದಲ್ಲಿ ತಾವು ಮಾಡಲಿರುವ ಕೆಲಸಗಳನ್ನು ನೆನೆದು ನಿರ್ಧರಿಸಬೇಕು. ಬಾಗಿಲು, ಹಿಂಜ್, ದೊಡ್ಡ ಕುಳಿ, ಒಂದೇ ಆಳ ಇವು ಪಟ್ಟಿಯಲ್ಲಿದ್ದರೆ ಕಂಬದ ಗೈಡ್ ತೆಗೆದುಕೊಳ್ಳಿ. ಸಣ್ಣ ತೂತು, ಪೈಪು, ಗಟ್ಟಿ ಮರ, ಇಕ್ಕಟ್ಟಾದ ಮೂಲೆಗಳೇ ಹೆಚ್ಚಾಗಿದ್ದರೆ ಉಕ್ಕಿನ ಬುಷ್ ಇರುವ ಬ್ಲಾಕ್ ಸಾಕು, ಅದು ಅಗ್ಗವೂ ಹೌದು. ಡ್ರಿಲ್‌ನ ಕತ್ತನ್ನೇ ಬಿಗಿದು ಹಿಡಿಯುವ ಮೇಜಿನ ಸ್ಟ್ಯಾಂಡ್‌ಗಳೂ ಮಾರುಕಟ್ಟೆಯಲ್ಲಿವೆ. ಅವುಗಳಲ್ಲಿ ಬಹಳಷ್ಟು ಕತ್ತಿನ ಸುತ್ತ 43 ಮಿ.ಮೀ. ದುಂಡು ಪಟ್ಟಿ (ಕಾಲರ್) ಇರುವ ಮಷಿನ್‌ಗಳಿಗೆಂದೇ ಮಾಡಿದವು, ಬ್ಯಾಟರಿ ಡ್ರಿಲ್‌ಗಳಲ್ಲಿ ಸಾಮಾನ್ಯವಾಗಿ ಆ ಕಾಲರ್ ಇರುವುದಿಲ್ಲ. ಅದನ್ನು ಕೊಳ್ಳಲು ಹೊರಡುವವರು ತಮ್ಮ ಡ್ರಿಲ್ಲನ್ನು ಅಂಗಡಿಗೆ ಜೊತೆಯಲ್ಲೇ ಒಯ್ದು, ಕೂರಿಸಿ ನೋಡಿಯೇ ಹಣ ಕೊಡಬೇಕು.