ಆಮೆ ಬಳ್ಳಿಗೆ ಕೋಕೋಪೀಟಾ, ಕೆಂಪು ಮಣ್ಣಾ, ಹಂಚಿನ ಚೂರಾ?

ಸ್ಟ್ರಿಂಗ್ ಆಫ್ ಟರ್ಟಲ್ಸ್ ಅಂತ ಒಂದು ಬಳ್ಳಿ ಉಂಟಲ್ಲ, ಉಗುರಿನಷ್ಟೇ ಎಲೆ, ಅದರ ಮೇಲೆ ಆಮೆ ಚಿಪ್ಪಿನ ಹಾಗೆ ಬಿಳಿ ಗೆರೆ, ಅದನ್ನು ನಾನು ಉಡುಪಿಯ ಮಳೆಗಾಲದಲ್ಲಿ ಎರಡು ವರ್ಷ ಸಾಲಾಗಿ ಕಳ್ಕೊಂಡೆ. ತುಂಬ ಬೇಜಾರಾಗಿತ್ತು. ಹಾಗಾಗಿ ಈ ಸಲ ಎಪ್ರಿಲಲ್ಲೇ ಒಂದೇ ಗಿಡದ ತುಂಡುಗಳನ್ನು ನಾಲ್ಕಿಂಚಿನ ಮೂರು ಮಣ್ಣಿನ ಚಟ್ಟಿಯಲ್ಲಿ ನೆಟ್ಟೆ, ಮೂರೂ ಪೂರ್ವದ ಸಿಟೌಟಲ್ಲಿ, ಎರಚಲು ತಾಗದ ಜಾಗ.

ಮೊದಲನೇದು ಕೆಂಪು ಮಣ್ಣು, ಹಟ್ಟಿಗೊಬ್ಬರ. ಕರಿಮೆಣಸು, ವೀಳ್ಯದೆಲೆಯ ಕುಟುಂಬದ್ದೇ ಗಿಡ ಇದು ಅಂದದ್ದಕ್ಕೆ ಅಮ್ಮ "ಹಾಗಾದ್ರೆ ಹಟ್ಟಿಗೊಬ್ಬರ ಹಾಕು ಮಗಾ" ಅಂದ್ರು. ಕುಟುಂಬ ಒಂದೇ ಹೌದು, ಆದ್ರೆ ಇದರ ಬೇರು ನೂಲಿನಷ್ಟು ಸಪೂರ, ಮೇಲ್ಮೇಲೆ ಹರಡ್ತದೆ, ನೀರನ್ನು ಎಲೆಯಲ್ಲೇ ಇಟ್ಕೊಳ್ತದೆ. ಜೂನ್ ಕೊನೆಗೆ ಬುಡ ಕಪ್ಪಾಗಿ ಬಳ್ಳಿ ಕೈಗೇ ಬಂತು, ಅದೂ ವಾರದಿಂದ ಒಂದು ತೊಟ್ಟು ನೀರು ಹಾಕದೆ.

ಎರಡನೇದು ಕೋಕೋಪೀಟ್, ಅಂದ್ರೆ ತೆಂಗಿನ ನಾರಿನ ಹುಡಿ, ಎರಡು ಸಲ ತೊಳೆದು ಉಪ್ಪು ತೆಗೆದೇ ಹಾಕಿದ್ದು. ಮೇ ಸೆಕೆಗೆ ಇದೇ ಎಲ್ಲಕ್ಕಿಂತ ಚಂದ ಬೆಳೀತು, ಎಂಟು ದಿನಕ್ಕೊಮ್ಮೆ ನೀರು ಸಾಕು. ಜಡಿಮಳೆ ಶುರುವಾದ ಮೇಲೆ ಮಾತ್ರ ಮೇಲೆ ಒಣಗಿದ ಹಾಗೆ ಕಾಣ್ತದೆ, ಒಳಗೆ ಪಸೆ ಹಾಗೇ ಇರ್ತದೆ, ಮೇಲೆ ನೋಡಿ ನೀರು ಹಾಕಿದೆ, ಅರ್ಧ ಬಳ್ಳಿ ಕೊಳೀತು.

ಇನ್ನು ಮೂರನೇದು ಮಾರಾಯ್ರೆ, ಹಂಚಿನ ಚೂರು! 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಲ್ಲಿ ಕಾರ್ಖಾನೆ ಹಾಕಿ ಶುರುಮಾಡಿದ ಹಂಚು ಈಗ ಹಳೆ ಮನೆ ಕೆಡವಿದಲ್ಲೆಲ್ಲ ರಾಶಿ ಬಿದ್ದಿರ್ತದೆ, ಮಣ್ಣು ಸಡಿಲ ಮಾಡ್ಲಿಕ್ಕೆ ಹಾಕುವ ಪರ್ಲೈಟ್ ಅನ್ನುವ ಹಗುರ ಬಿಳಿ ಹರಳಿಗೆ ದುಡ್ಡು ಯಾಕೆ ಹಾಕ್ಬೇಕು ಹೇಳಿ. ಪಾಚಿ ಉಜ್ಜಿ ತೊಳೆದು, ಕಡ್ಲೆಯಷ್ಟು ದೊಡ್ಡದಾಗಿ ಕುಟ್ಟಿ, ಹುಡಿಯನ್ನು ಜರಡಿ ಹಿಡಿದು ಬಿಸಾಡ್ಬೇಕು, ಹುಡಿ ಉಳಿದ್ರೆ ಮತ್ತೆ ಕೆಸರೇ. ಚೂರು ಎರಡು ಪಾಲು, ಕೋಕೋಪೀಟ್ ಒಂದು ಪಾಲು, ಒಂದು ಮುಷ್ಟಿ ಇದ್ದಲು. ಸುಟ್ಟ ಮಣ್ಣು ಸ್ವಲ್ಪ ನೀರು ಕುಡಿದು ಇಟ್ಕೊಳ್ತದೆ, ಚೂರುಗಳ ಸಂದಿಯಲ್ಲಿ ಗಾಳಿ ಆಡ್ತದೆ, ಬೇರಿಗೆ ಬೇಕಾದ್ದು ಅದೇ. ಆಟಿ, ಅಂದ್ರೆ ಜಡಿಮಳೆಯ ತುಳು ತಿಂಗಳು, ಪೂರ್ತಿ ಕಳೀತು, ಒಂದು ಬಳ್ಳಿಯೂ ಕೊಳೀಲಿಲ್ಲ, ತುದಿಯಲ್ಲಿ ಸಾಸಿವೆಯಷ್ಟು ಹೊಸ ಎಲೆ. ಬೇಸಿಗೆಯಲ್ಲಿ ಮೂರು ದಿನಕ್ಕೊಮ್ಮೆ ನೀರು ಕೇಳ್ತದೆ, ಅದೊಂದೇ ತಾಪತ್ರಯ.

ನೀರು ಯಾವಾಗ ಅಂದ್ರೆ, ಎಲೆಯನ್ನು ಎರಡು ಬೆರಳಲ್ಲಿ ಮೆಲ್ಲ ಒತ್ತಿ ನೋಡಿ, ಗಟ್ಟಿ ಇದ್ರೆ ಬೇಡ, ಮೆತ್ತಗಾಗಿದ್ರೆ ಚಟ್ಟಿಯನ್ನು ಹತ್ತು ನಿಮಿಷ ನೀರಿನ ತಟ್ಟೆಯಲ್ಲಿಡಿ. ಕೋಕೋಪೀಟಲ್ಲಿ ಉಳಿದ ಅರ್ಧವನ್ನೂ ನಿನ್ನೆ ಹಂಚಿನ ಚೂರಿಗೇ ಬದಲಾಯಿಸಿದೆ.