ಸಿರಿಂಜ್, ಚೀಲ, ಪಂಪ್: ನಳಿಕೆಯ ಮೂಲಕ ಆಹಾರ ಕೊಡುವ ಮೂರು ವಿಧಾನಗಳ ಹೋಲಿಕೆ

ಪಾರ್ಶ್ವವಾಯುವಿನ ಬಳಿಕ ನನ್ನ ತಾಯಿಗೆ ನುಂಗುವ ಶಕ್ತಿ ಮರಳಲಿಲ್ಲ. ಮೊದಲ ಐದು ವಾರ ಮೂಗಿನಿಂದ ಜಠರಕ್ಕೆ ಇಳಿಸಿದ ನಳಿಕೆಯ ಮೂಲಕ ಆಹಾರ ಕೊಟ್ಟೆವು. ಆಮೇಲಿನಿಂದ ಇಂದಿನವರೆಗೆ ಹೊಟ್ಟೆಯ ಗೋಡೆಯ ಮೂಲಕ ಕೂರಿಸಿದ ಪೆಗ್ ನಳಿಕೆಯಿಂದ ಕೊಡುತ್ತಿದ್ದೇವೆ. ಈ ಅವಧಿಯಲ್ಲಿ ಸಿರಿಂಜ್, ತೂಗುಹಾಕುವ ಚೀಲ, ವಿದ್ಯುತ್ ಪಂಪ್ ಮೂರನ್ನೂ ತಿಂಗಳುಗಟ್ಟಲೆ ಬಳಸಿ ನೋಡಿದ್ದೇನೆ. ದ್ರವಾಹಾರ ಒಂದೇ, ದಿನದ ಒಟ್ಟು ಪ್ರಮಾಣವೂ ಒಂದೇ (ಮಿಲಿಲೀಟರಿಗೆ ಒಂದು ಕ್ಯಾಲೊರಿ ಇರುವ ಆಹಾರ, ದಿನಕ್ಕೆ 1500 ಮಿ.ಲೀ.) ಆಗಿದ್ದರೂ, ಅದು ಎಷ್ಟು ವೇಗವಾಗಿ ಜಠರ ಸೇರುತ್ತದೆ ಮತ್ತು ಆ ಹೊತ್ತಿನಲ್ಲಿ ಯಾರ ಕಣ್ಣು ಅವರ ಮೇಲಿರುತ್ತದೆ ಎಂಬುದರಿಂದ ಅವರ ದಿನವೇ ಬದಲಾಗುವುದನ್ನು ಕಂಡೆ.

ಮೊದಲು ನಳಿಕೆಗಳ ವಿಷಯ. ಮೂಗಿನ ನಳಿಕೆಯನ್ನು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳ ಅಗತ್ಯಕ್ಕೆ ಬಳಸುತ್ತಾರೆ. ಅದನ್ನು ಹಾಕುವುದು ಸುಲಭ, ಆದರೆ ಮನೆಯಲ್ಲಿ ನಿಭಾಯಿಸುವವರಿಗೆ ಅದರ ಆತಂಕ ದೊಡ್ಡದು: ಒಂದು ಜೋರಾದ ಕೆಮ್ಮಿಗೆ ಅದರ ತುದಿ ಜಾಗ ಬಿಟ್ಟು ಸರಿಯಬಹುದು. ಆದ್ದರಿಂದ ಪ್ರತಿ ಬಾರಿಯೂ ಮೂಗಿನ ಹೊಳ್ಳೆಯ ಬಳಿ ನಳಿಕೆಯ ಮೇಲಿನ ಗುರುತನ್ನು ನೋಡಿ, ಸ್ವಲ್ಪ ದ್ರವ ಹೊರಗೆಳೆದು, ಆಮ್ಲೀಯತೆ ಅಳೆಯುವ ಕಾಗದದ ಪಟ್ಟಿಯಲ್ಲಿ ಪಿಎಚ್ 5.5 ಅಥವಾ ಅದಕ್ಕಿಂತ ಕಡಿಮೆ ಇದೆ, ಅಂದರೆ ಅದು ಜಠರದ ಆಮ್ಲವೇ ಎಂದು ಖಚಿತವಾದ ಮೇಲಷ್ಟೇ ಆಹಾರ ಕೊಡುತ್ತಿದ್ದೆವು. ಆಮ್ಲ ತಗ್ಗಿಸುವ ಔಷಧಿ ತೆಗೆದುಕೊಳ್ಳುವವರಲ್ಲಿ ಈ ಅಂಕಿ ಏರಿರಬಹುದು. ಸಂಶಯ ಬಗೆಹರಿಯದಿದ್ದರೆ ಎಕ್ಸ್-ರೇ ಒಂದೇ ದಾರಿ. ಗಾಳಿ ತಳ್ಳಿ ಹೊಟ್ಟೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಸದ್ದು ಕೇಳುವ ಹಳೆಯ ಪದ್ಧತಿಯನ್ನು ನಂಬಬಾರದು, ಏಕೆಂದರೆ ನಳಿಕೆ ಶ್ವಾಸಕೋಶದಲ್ಲಿದ್ದರೂ ಅಂಥದೇ ಸದ್ದು ಕೇಳಿಸಬಹುದು. ಮೈಕೆಲ್ ಗಾಡರರ್ ಮತ್ತು ಜೆಫ್ರಿ ಪಾನ್ಸ್ಕಿ 1980ರಲ್ಲಿ ಪ್ರಕಟಿಸಿದ ಪೆಗ್ ವಿಧಾನ ದೊಡ್ಡ ಶಸ್ತ್ರಕ್ರಿಯೆಯಿಲ್ಲದೆ, ಎಂಡೋಸ್ಕೋಪಿನ ನೆರವಿನಿಂದ ಹೊಟ್ಟೆಗೆ ನಳಿಕೆ ಕೂರಿಸುವುದನ್ನು ಸಾಧ್ಯವಾಗಿಸಿತು. ಅದು ಬಂದ ಮೇಲೆ ತಾಯಿಯ ಗಂಟಲಿನ ಕಿರಿಕಿರಿ ನಿಂತಿತು, ನಮಗೂ ನೆಮ್ಮದಿಯಾಯಿತು. ದೀರ್ಘಕಾಲಕ್ಕೆ ನನ್ನ ಆಯ್ಕೆ ಸಂಶಯವಿಲ್ಲದೆ ಇದೇ.

ಇನ್ನು ಆಹಾರ ಕೊಡುವ ಬಗೆ. ಸಿರಿಂಜ್ ವಿಧಾನದಲ್ಲಿ 60 ಮಿ.ಲೀ. ಸಿರಿಂಜಿನ ಒಳದಂಡವನ್ನು ತೆಗೆದು, ಕೊಳವೆಯನ್ನು ನಳಿಕೆಗೆ ಜೋಡಿಸಿ, ಆಹಾರ ಸುರಿದು, ಅದು ತನ್ನ ಭಾರಕ್ಕೆ ತಾನೇ ಇಳಿಯಲು ಬಿಡುತ್ತೇವೆ. ಕೈಯನ್ನು ಮೇಲೆತ್ತಿದರೆ ವೇಗ ಹೆಚ್ಚುತ್ತದೆ, ತಗ್ಗಿಸಿದರೆ ಕಡಿಮೆಯಾಗುತ್ತದೆ. 300 ಮಿ.ಲೀ. ಇಳಿಯಲು ಇಪ್ಪತ್ತು ನಿಮಿಷವಾದರೂ ಬೇಕು. ಆರಂಭದ ದಿನಗಳಲ್ಲಿ ಅವಸರಕ್ಕೆ ಬಿದ್ದು ಒಳದಂಡದಿಂದ ತಳ್ಳಿ ಐದೇ ನಿಮಿಷದಲ್ಲಿ ಮುಗಿಸಿದ್ದೆ. ತಾಯಿಯ ಹೊಟ್ಟೆ ಬಿಗಿದು, ಮುಖ ಬೆವರಿ, ಭೇದಿಯೂ ಆಯಿತು. ಆ ತಪ್ಪನ್ನು ಮತ್ತೆ ಮಾಡಲಿಲ್ಲ. ಈ ವಿಧಾನದ ನಿಜವಾದ ಬಲ ನನಗೆ ಅರ್ಥವಾಗಿದ್ದು ನಿಧಾನವಾಗಿ. ಮಾತನಾಡಲಾಗದ ತಾಯಿ ಸಾಕೆನಿಸಿದಾಗ ಎಡಗೈಯನ್ನು ಹೊದಿಕೆಯಿಂದ ಸ್ವಲ್ಪ ಮೇಲೆತ್ತುತ್ತಾರೆ. ಸಿರಿಂಜ್ ಹಿಡಿದು ಎದುರಿಗೆ ಕುಳಿತವರಿಗೆ ಅದು ಆ ಕ್ಷಣವೇ ಕಾಣುತ್ತದೆ. ಕೈ ತಗ್ಗಿಸಿದರೆ ಸಾಕು, ಆಹಾರ ನಿಲ್ಲುತ್ತದೆ. ಬೇರೆ ಯಾವ ಸಾಧನಕ್ಕೂ ಆ ಕೈ ಕಾಣುವುದಿಲ್ಲ. ಆದರೆ ದಿನಕ್ಕೆ ಐದು ಬಾರಿ ಹೀಗೆ ಕುಳಿತುಕೊಳ್ಳಬೇಕು, ಊಟದ ನಂತರವೂ ಅರ್ಧ ಗಂಟೆಯಿಂದ ಒಂದು ಗಂಟೆ ತಲೆಯ ಭಾಗವನ್ನು 30ರಿಂದ 45 ಡಿಗ್ರಿ ಎತ್ತರದಲ್ಲಿ ಇಟ್ಟು ಗಮನಿಸಬೇಕು. ಕೊನೆಯ ಬಾರಿ ರಾತ್ರಿ ಹನ್ನೊಂದಕ್ಕೆ, ಮೊದಲ ಬಾರಿ ಬೆಳಗ್ಗೆ ಆರಕ್ಕೆ ಎಂದು ನಡೆಸಿದ ಮೂರು ತಿಂಗಳಲ್ಲಿ ನಾವು ದಣಿದುಹೋದೆವು.

ಚೀಲ ನಡುವಿನ ದಾರಿಯೆಂದು ಎಲ್ಲರೂ ಹೇಳಿದರು. ಕಂಬಕ್ಕೆ ತೂಗುಹಾಕಿ, ಕೊಳವೆಯ ಮೇಲಿನ ಚಕ್ರ ತಿರುಗಿಸಿ ಹನಿಗಳನ್ನು ಎಣಿಸಿ ವೇಗ ಹೊಂದಿಸಬೇಕು. ನಾವು ಬಳಸಿದ ಕೊಳವೆಯಲ್ಲಿ ಸುಮಾರು 20 ಹನಿಗೆ ಒಂದು ಮಿ.ಲೀ.; ಆ ಲೆಕ್ಕದಲ್ಲಿ 250 ಮಿ.ಲೀ. ಒಂದು ಗಂಟೆಯಲ್ಲಿ ಇಳಿಯಲು ನಿಮಿಷಕ್ಕೆ ಸುಮಾರು 83 ಹನಿ ಬೀಳಬೇಕು. ಕೈ ಬಿಡುವಾಗುತ್ತದೆ, ಜಠರಕ್ಕೂ ನಿಧಾನ ಹಿತವೆನಿಸುತ್ತದೆ. ಆದರೆ ಹೊಂದಿಸಿದ ವೇಗ ಹೊಂದಿಸಿದಂತೆ ಉಳಿಯುವುದಿಲ್ಲ. ರೋಗಿ ಕೆಮ್ಮಿದರೆ, ಮಗ್ಗುಲಾದರೆ, ಕೊಳವೆ ಸ್ವಲ್ಪ ಮಡಚಿದರೆ ಹರಿವು ಬದಲಾಗುತ್ತದೆ. ಒಂದು ಸಂಜೆ ಹನಿಗಳು ನಿಧಾನವಾದವೆಂದು ಚಕ್ರವನ್ನು ಸಡಿಲಿಸಿ ಅಡುಗೆಮನೆಗೆ ಹೋದೆ. ಮಡಿಕೆ ತಾನಾಗಿ ಬಿಟ್ಟುಕೊಂಡು, ಉಳಿದ ಅಷ್ಟೂ ಆಹಾರ ಕೆಲವೇ ನಿಮಿಷಗಳಲ್ಲಿ ಒಳಗಿಳಿದು, ತಾಯಿ ವಾಂತಿ ಮಾಡಿಕೊಂಡರು. ನುಂಗಲಾಗದವರಿಗೆ ವಾಂತಿಯೆಂದರೆ ಅದು ಶ್ವಾಸಕೋಶಕ್ಕೆ ಇಳಿಯುವ ಅಪಾಯ. ಆ ಎರಡು ದಿನ ಅವರ ಉಸಿರನ್ನೂ ಜ್ವರವನ್ನೂ ಕಾಯುತ್ತಾ ಕುಳಿತಿದ್ದೆವು. ಪಕ್ಕದಲ್ಲೇ ಕುಳಿತು ಕಾಯಬೇಕಾದರೆ ಚೀಲದಿಂದ ಉಳಿಯುವ ಸಮಯವಾದರೂ ಎಲ್ಲಿ? ಮೂರರಲ್ಲಿ ನಮಗೆ ಅತಿ ಕಡಿಮೆ ಒಗ್ಗಿದ್ದು ಇದು.

ಪಂಪ್ ಗಂಟೆಗೆ ಇಷ್ಟು ಎಂದು ಹೇಳಿದರೆ ಅಷ್ಟೇ ಕೊಡುತ್ತದೆ. ನಳಿಕೆಯ ತುದಿ ಸಣ್ಣ ಕರುಳಿನಲ್ಲಿರುವವರಿಗೆ ಇದೇ ಸೂಕ್ತ, ಏಕೆಂದರೆ ಜಠರದಂತೆ ಹಿಡಿದಿಟ್ಟುಕೊಳ್ಳುವ ಚೀಲ ಕರುಳಿಗಿಲ್ಲ. ನಾವು ಆಹಾರತಜ್ಞರೊಂದಿಗೆ ಮಾತನಾಡಿ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಗಂಟೆಗೆ 75 ಮಿ.ಲೀ.ನಂತೆ 600 ಮಿ.ಲೀ. ಕೊಡಲು ಆರಂಭಿಸಿದೆವು. ವಾಂತಿ ಮತ್ತೆ ಆಗಲಿಲ್ಲ, ಹೊಟ್ಟೆಯುಬ್ಬರವೂ ಕಡಿಮೆಯಾಯಿತು. ಅದರದೇ ಆದ ಹೊಸ ತೊಂದರೆಗಳಿಗೆ ಮಾತ್ರ ನಾವು ಸಿದ್ಧರಿರಲಿಲ್ಲ.

ಮೊದಲನೆಯದು, ಆಹಾರ ಎಷ್ಟು ಹೊತ್ತು ಹೊರಗಿರಬಹುದು ಎಂಬ ಪ್ರಶ್ನೆ. ಪುಡಿಯನ್ನು ನೀರಿನಲ್ಲಿ ಕಲಸಿದ ಆಹಾರವನ್ನು ನಾಲ್ಕು ಗಂಟೆಗಿಂತ ಹೆಚ್ಚು ತೂಗುಹಾಕಬಾರದು. ಹೀಗಾಗಿ ನಡುರಾತ್ರಿ ಎರಡಕ್ಕೆ ಎದ್ದು ಹೊಸದಾಗಿ ತುಂಬಬೇಕಾಯಿತು, ನಿದ್ದೆಗಾಗಿ ತಂದ ಪಂಪ್ ನಿದ್ದೆ ಕೆಡಿಸಿತು. ಡಬ್ಬಿಯ ಸಿದ್ಧ ದ್ರವಾಹಾರವನ್ನು ಚೀಲಕ್ಕೆ ಸುರಿದರೆ ಎಂಟು ಗಂಟೆಯವರೆಗೆ ನಡೆಯುತ್ತದೆ ಎಂದು ತಿಳಿದ ಮೇಲೆ ರಾತ್ರಿಗೆ ಮಾತ್ರ ಅದಕ್ಕೆ ಬದಲಾಯಿಸಿಕೊಂಡೆವು. ಎರಡನೆಯದು, ಎಂಟು ಗಂಟೆ ತಲೆಯೆತ್ತರದಲ್ಲೇ ಮಲಗುವುದರಿಂದ ಮೈ ಕೆಳಕ್ಕೆ ಜಾರಿ ಬೆನ್ನಿನ ಬುಡದ ಚರ್ಮ ಕೆಂಪಾಯಿತು. ಮಂಡಿಯ ಕೆಳಗೆ ದಿಂಬಿಟ್ಟು, ಮಗ್ಗುಲು ಬದಲಿಸುವುದನ್ನು ಹೆಚ್ಚಿಸಿದೆವು. ಮೂರನೆಯದು, ಪಂಪಿನ ಕೊಳವೆ ರಾತ್ರಿಯಿಡೀ ಎಳೆದು ನಳಿಕೆಯ ಬುಡದಲ್ಲಿ ಗಾಯವಾಗತೊಡಗಿತು. ಕೊಳವೆಯನ್ನು ಸ್ವಲ್ಪ ಸಡಿಲವಾಗಿ ಉಡುಪಿಗೆ ಅಂಟುಪಟ್ಟಿಯಿಂದ ಹಿಡಿಸಿದ ಮೇಲೆ ಅದು ನಿಂತಿತು. ಈ ಎಚ್ಚರ ಸಣ್ಣದಲ್ಲ: ನಳಿಕೆ ಪೂರ್ತಿ ಹೊರಬಂದರೆ ಆ ರಂಧ್ರ ಕೆಲವೇ ಗಂಟೆಗಳಲ್ಲಿ ಮುಚ್ಚಿಕೊಳ್ಳಲು ಆರಂಭಿಸುತ್ತದೆ, ಆದ್ದರಿಂದ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು.

ನಳಿಕೆ ಕಟ್ಟಿಕೊಳ್ಳುವುದರಲ್ಲೂ ಮೂರಕ್ಕೂ ವ್ಯತ್ಯಾಸವಿದೆ. ಹರಿವು ನಿಧಾನವಾದಷ್ಟೂ ಆಹಾರ ಒಳಗೋಡೆಗೆ ಅಂಟುತ್ತದೆ. ಸಿರಿಂಜಿನ ಮೂರು ತಿಂಗಳಲ್ಲಿ ಒಮ್ಮೆಯೂ ಆಗದ ತಡೆ ಪಂಪಿನ ಮೊದಲ ತಿಂಗಳಲ್ಲೇ ಎರಡು ಬಾರಿ ಆಯಿತು. ಈಗ ಆಹಾರದ ಮೊದಲು, ಆಮೇಲೆ ಮತ್ತು ಪಂಪ್ ಓಡುವಾಗ ನಾಲ್ಕು ಗಂಟೆಗೊಮ್ಮೆ 30 ಮಿ.ಲೀ. ನೀರು ಹಾಯಿಸುತ್ತೇವೆ, ನಡುರಾತ್ರಿಯ ಆ ಒಂದು ಸಲ ಮಗ್ಗುಲು ಬದಲಿಸುವ ಹೊತ್ತಿಗೇ ಹೊಂದಿಕೊಂಡಿದೆ. ಔಷಧಿಗಳನ್ನು ಆಹಾರದಲ್ಲಿ ಬೆರೆಸದೆ ಒಂದೊಂದಾಗಿ, ನಡುವೆ ನೀರು ಹಾಯಿಸಿ ಕೊಡುತ್ತೇವೆ. ನಿಧಾನವಾಗಿ ಕರಗುವಂತೆ ಮಾಡಿದ ಮಾತ್ರೆಗಳನ್ನು ಪುಡಿಮಾಡಬಾರದಾದ್ದರಿಂದ ವೈದ್ಯರು ಅವುಗಳ ಬದಲು ದ್ರವರೂಪದವನ್ನು ಬರೆದುಕೊಟ್ಟರು. ಕಟ್ಟಿಕೊಂಡಾಗ ಬೆಚ್ಚಗಿನ ನೀರನ್ನು ದೊಡ್ಡ ಸಿರಿಂಜಿನಿಂದ ಮೆಲ್ಲಗೆ ತಳ್ಳಿ ಎಳೆಯುವುದೇ ಉತ್ತಮ. ಸಣ್ಣ ಸಿರಿಂಜ್ ಹೆಚ್ಚು ಒತ್ತಡ ಹಾಕಿ ನಳಿಕೆಯನ್ನು ಬಿರಿಯಿಸಬಹುದು. ತಡೆ ಬಿಡಿಸಲು ತಂಪು ಪಾನೀಯ ಹಾಕುವುದು ಬೇಡ, ಅದರ ಆಮ್ಲ ಆಹಾರದ ಪ್ರೋಟೀನನ್ನು ಹಾಲಿನಂತೆ ಒಡೆಸಿ ಗಟ್ಟಿಯಾಗಿಸುತ್ತದೆ.

ಯಾವ ವಿಧಾನವಾದರೂ ನಳಿಕೆಯ ಸುತ್ತಲಿನ ಚರ್ಮವನ್ನು ದಿನವೂ ಸೌಮ್ಯ ಸೋಪು, ನೀರಿನಿಂದ ತೊಳೆದು ಒಣಗಿಸುವುದು, ಹಲ್ಲು ಮತ್ತು ನಾಲಿಗೆಯನ್ನು ಶುಚಿಮಾಡುವುದು ತಪ್ಪುವುದಿಲ್ಲ. ಬಾಯಿಂದ ಉಣ್ಣದವರ ಬಾಯಿ ಇನ್ನೂ ಬೇಗ ಕೆಡುತ್ತದೆ.

ಈಗ ನಮ್ಮ ಮನೆಯಲ್ಲಿ ಬೆಳಗ್ಗೆ, ಮಧ್ಯಾಹ್ನ, ಸಂಜೆ ತಲಾ 300 ಮಿ.ಲೀ. ಸಿರಿಂಜಿನಿಂದ, ಉಳಿದ 600 ಮಿ.ಲೀ. ರಾತ್ರಿ ಪಂಪಿನಿಂದ ನಡೆಯುತ್ತಿದೆ. ಪಂಪನ್ನೇ ಹಗಲಿಗೂ ವಿಸ್ತರಿಸಿದರೆ ನಿಮಗೆ ಇನ್ನಷ್ಟು ಬಿಡುವು ಸಿಗುತ್ತದೆಂದು ಆರೈಕೆಗೆ ಬರುವ ದಾದಿ ಹೇಳಿದರು. ಆ ಮೂರು ಹೊತ್ತನ್ನು ಬಿಟ್ಟುಕೊಡಲು ನಾನು ಒಪ್ಪಲಿಲ್ಲ. ನಿನ್ನೆ ಮಧ್ಯಾಹ್ನ 220 ಮಿ.ಲೀ. ಇಳಿದಾಗಲೇ ತಾಯಿ ಎಡಗೈ ಎತ್ತಿದರು. ಸಿರಿಂಜನ್ನು ತಗ್ಗಿಸಿ, ನೀರು ಹಾಯಿಸಿ, ಉಳಿದದ್ದನ್ನು ಸಂಜೆಯ ಲೆಕ್ಕಕ್ಕೆ ಬರೆದಿಟ್ಟೆ.