ಕಲಾಕ್ಷೇತ್ರವೋ, ಭೂಮಿಗೀತವೋ: ಚಿಕ್ಕ ತಂಡಕ್ಕೆ ಯಾವುದು ಸರಿ?

ನಮ್ಮದು ಹವ್ಯಾಸಿ ನಾಟಕ ತಂಡ. ದುಡ್ಡು ಕಮ್ಮಿ, ಹುಮ್ಮಸ್ಸು ಜಾಸ್ತಿ. ಹಾಗಾಗಿ ಸರ್ಕಾರಿ ರಂಗಮಂದಿರಗಳೇ ಗತಿ. ಒಂದೇ ನಾಟಕವನ್ನು ಬೆಂಗಳೂರು, ಮೈಸೂರು ಎರಡೂ ಕಡೆ ಆಡಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು.

ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಗತ್ತೇ ಬೇರೆ. ಟ್ಯಾಗೋರರ ಜನ್ಮಶತಮಾನೋತ್ಸವದ ನೆನಪಿಗೆ ಕಟ್ಟಿ, 1963ರಲ್ಲಿ ತೆರೆದದ್ದು. ಕರಪತ್ರದಲ್ಲಿ ಆ ಹೆಸರು ಕಂಡರೆ ನಾಟಕ ನೋಡದ ನೆಂಟರೂ ಬರುತ್ತಾರೆ. ಟೌನ್‌ಹಾಲ್ ಪಕ್ಕದಲ್ಲೇ ಇರುವುದರಿಂದ ಯಾರಿಗೂ ದಾರಿ ಹೇಳಬೇಕಿಲ್ಲ. ದೊಡ್ಡ ಸೆಟ್ಟು, ಹಿಂಡುಗಟ್ಟಲೆ ನಟರು, ಮೇಳದ ಹಾಡು ಇದ್ದರೆ ಕಣ್ಣು ಮುಚ್ಚಿ ಅಲ್ಲಿಗೆ ಹೋಗಿ. ಆದರೆ ನಮ್ಮ ನಾಟಕದಲ್ಲಿ ಒಬ್ಬ ಅಜ್ಜಿ ಮೊರದಲ್ಲಿ ಅಕ್ಕಿ ಆರಿಸುತ್ತಾ ಮಗನ ಸುದ್ದಿ ಹೇಳುತ್ತಾಳೆ. ಕಲ್ಲು ಸಿಕ್ಕಾಗ ಬೆರಳು ನಿಲ್ಲುತ್ತದೆ, ಮಾತೂ ನಿಲ್ಲುತ್ತದೆ. ಬಾಲ್ಕನಿಯಲ್ಲಿ ಕೂತವರಿಗೆ ಆ ಬೆರಳು ಎಲ್ಲಿ ಕಾಣಬೇಕು? ಇನ್ನೂರು ಜನ ಬಂದರೆ ನಮಗೆ ಹಬ್ಬ, ಆ ಸಭಾಂಗಣದಲ್ಲಿ ಮಾತ್ರ ಅದು ಖಾಲಿ ಖಾಲಿ.

ಅಲ್ಲೇ ಕನ್ನಡ ಭವನದಲ್ಲಿರುವ ನಯನ ಸಭಾಂಗಣ ಚಿಕ್ಕದು, ಆಪ್ತವಾಗಿದೆ. ಸೆಟ್ಟಿನ ಗೋಜಿಲ್ಲದ ನಾಟಕಕ್ಕೆ ಸಾಕು. ಕಲಾಕ್ಷೇತ್ರದ ಹಿಂಭಾಗದ ಸಂಸ ಬಯಲು ರಂಗಮಂದಿರ ಗಟ್ಟಿ ದನಿಯ ನಾಟಕಕ್ಕೆ ಸೈ, ಮಳೆಗಾಲದಲ್ಲಿ ಬೇಡ. 1972ರಲ್ಲಿ ರಂಗನಿರ್ದೇಶಕ ಬಿ.ವಿ. ಕಾರಂತರು ಕಲಾಕ್ಷೇತ್ರದ ಹಿಂದಿನ ಬಯಲಲ್ಲೇ ನಾಟಕ ಆಡಿಸಿದ್ದರು ಅನ್ನುವುದು ನಮ್ಮಂಥವರಿಗೆ ಇನ್ನೂ ಪುಳಕ.

ಅದೇ ಕಾರಂತರು 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಎಂಬ ಸರ್ಕಾರಿ ನಾಟಕ ಸಂಸ್ಥೆ ಕಟ್ಟಿದರು. ಅಲ್ಲಿನ ಕಲಾಮಂದಿರದ ಆವರಣದಲ್ಲಿ ಭೂಮಿಗೀತ, ವನರಂಗ, ಕಿರುರಂಗಮಂದಿರ ಅನ್ನುವ ರಂಗಮಂದಿರಗಳೆಲ್ಲವೂ ನಡೆದು ಹೋಗುವಷ್ಟು ಹತ್ತಿರ. ಭೂಮಿಗೀತದಲ್ಲಿ ಅಜ್ಜಿ ಕಲ್ಲನ್ನು ಹಿತ್ತಾಳೆ ತಟ್ಟೆಗೆ ಎಸೆದಾಗ ಆದ ಟಣ್ ಸದ್ದು ಕೊನೇ ಸಾಲಿಗೂ ಕೇಳಿತು. ಯಾರೂ ಕೆಮ್ಮಲಿಲ್ಲ. ರಂಗಾಯಣದ ಬೇಸಿಗೆಯ ಮಕ್ಕಳ ಶಿಬಿರ ಚಿಣ್ಣರ ಮೇಳದಲ್ಲಿ ಓಡಾಡಿ ಬೆಳೆದ ಮಕ್ಕಳು ಈಗ ಅಲ್ಲಿ ಪ್ರೇಕ್ಷಕರು, ಅದರ ಗುಣವೂ ಇರಬೇಕು ಅಲ್ವಾ? ತೊಂದರೆ ಅಂದರೆ ರಂಗಾಯಣದ್ದೇ ನಾಟಕಗಳು ನಡೆಯುತ್ತಿರುತ್ತವೆ. ಅವರ ಬಹುರೂಪಿ ನಾಟಕೋತ್ಸವದ ಹೊತ್ತಲ್ಲಂತೂ ಡೇಟ್ ಕೇಳಲೇಬೇಡಿ. ಬೆಂಗಳೂರಿನಿಂದ ಸಾಮಾನು ಸಾಗಿಸುವ ಖರ್ಚು ಬೇರೆ.

ಒಂದು ಜಿಲ್ಲಾ ರಂಗಮಂದಿರದಲ್ಲೂ ಆಡಿದೆವು, ಹೆಸರು ಬೇಡ. ಕಟ್ಟಡ ಭವ್ಯ, ಗ್ರೀನ್ ರೂಮಿನ ನಲ್ಲಿಯಲ್ಲಿ ನೀರಿಲ್ಲ. ಬಣ್ಣ ತೊಳೆಯಲು ಎದುರಿನ ಹೋಟೆಲಿಗೆ ಹೋಗಬೇಕಾಯಿತು.

ನಮ್ಮ ಆಯ್ಕೆ ಭೂಮಿಗೀತ. ಬೆಂಗಳೂರಲ್ಲೇ ಆಡಬೇಕು ಅಂದರೆ ನಯನ. ಕಲಾಕ್ಷೇತ್ರಕ್ಕೆ ಹೋಗುವುದಾದರೆ ಮೊದಲು ನಾಟಕವನ್ನೇ ದೊಡ್ಡದು ಮಾಡಿಕೊಳ್ಳಬೇಕು, ಅಜ್ಜಿಯ ದೃಶ್ಯ ಕಿತ್ತುಹಾಕಲು ನಮ್ಮ ನಿರ್ದೇಶಕರು ಒಪ್ಪುತ್ತಿಲ್ಲ.